ಬರ್ಮಾದೇಶದ ಅದೋನೀರಾಮ ಜಡ್ಸನ್‌ರವರು

ಬಿತ್ತಿದ ಹೊಲದ ಬದುವಿನ ಮೇಲೆ ಕುಳಿತು ಮೋಡದ ದಾರಿ ನೋಡುವುದು ನಮಗೆ ಹೊಸದಲ್ಲ. ಕರ್ತನ ಸೇವಕರೊಬ್ಬರು ಬರ್ಮಾದೇಶದಲ್ಲಿ ಹಾಗೆಯೇ ಆರು ವರುಷ ಕಾದರು. ಅವರ ಚರಿತ್ರೆಯನ್ನು ಈ ತಿಂಗಳು ನಿಮ್ಮ ಮುಂದಿಡುತ್ತೇವೆ.

ಜಡ್ಸನ್‌ರವರು 1788ನೆಯ ಇಸವಿಯಲ್ಲಿ ಅಮೇರಿಕಾದ ಮಾಲ್ಡನ್ ಎಂಬ ಊರಿನಲ್ಲಿ ಸಭಾಪಾಲಕರೊಬ್ಬರ ಮಗನಾಗಿ ಹುಟ್ಟಿದರು. 1812ರ ಫೆಬ್ರುವರಿಯಲ್ಲಿ ಆನ್ ಅಮ್ಮನವರನ್ನು ವಿವಾಹವಾಗಿ, ಎರಡು ವಾರದೊಳಗೆ ಹಡಗು ಹತ್ತಿ ಕಲ್ಕತ್ತೆಗೆ ಬಂದರು. ಇಂಗ್ಲಿಷ್ ಕಂಪನಿಯ ಸರಕಾರವು ಅವರನ್ನು ಅಲ್ಲಿ ನಿಲ್ಲಗೊಡಲಿಲ್ಲ. ಮಾರಿಷಸ್ ದ್ವೀಪಕ್ಕೆ ಹೋಗಿ, ಮದ್ರಾಸಿಗೆ ಬಂದು, ಕಟ್ಟಕಡೆಗೆ 1813ರ ಜುಲೈಯಲ್ಲಿ ರಂಗೂನಿಗೆ ತಲಪಿದರು. ದಾರಿಯಲ್ಲಿ ಸಮುದ್ರದ ಮೇಲೆಯೇ ಅವರ ಮೊದಲನೆಯ ಕೂಸು ಸತ್ತು ಹುಟ್ಟಿತು. ರಂಗೂನಿನಲ್ಲಿ ಹುಟ್ಟಿದ ಎರಡನೆಯ ಮಗುವು ಎಂಟು ತಿಂಗಳು ತುಂಬುವ ಮೊದಲೇ ತೀರಿಕೊಂಡಿತು.

ಬರ್ಮೀಯರ ಬರಹದಲ್ಲಿ ಪದಕ್ಕೂ ಪದಕ್ಕೂ ನಡುವೆ ಬಿಡುವಿಲ್ಲ. ತಾಳೆಗರಿಯ ಮೇಲೆ ಒಂದೇ ಸಾಲಾಗಿ ಹರಿಯುತ್ತದೆ. ಅದನ್ನು ಬಿಡಿಸಿ ಓದುವುದರಲ್ಲಿಯೂ ಮಾತು ಕಲಿಯುವುದರಲ್ಲಿಯೂ ವರುಷಗಳು ಸವೆದವು. 1819ರಲ್ಲಿ ದಾರಿಯ ಮಗ್ಗುಲಲ್ಲಿ ಜಾಯತ್ ಎಂಬ ಚಾವಡಿಯೊಂದನ್ನು ಕಟ್ಟಿ, ಬರಹೋಗುವವರೊಡನೆ ಕುಳಿತು ಮಾತಾಡತೊಡಗಿದರು. ಆ ವರುಷ ಜೂನ್ 27ರಲ್ಲಿ ಮೌಂಗ್ ನೌ ಎಂಬ ಬಡವನು ದೀಕ್ಷಾಸ್ನಾನ ಹೊಂದಿದನು. ಆರು ವರುಷಕ್ಕೆ ಒಬ್ಬನು!

ಬೇರೆ ಮತಕ್ಕೆ ಸೇರುವವರಿಗೆ ರಾಜದಂಡದ ಭಯವಿದ್ದುದರಿಂದ, ಜಡ್ಸನ್‌ರವರು ಅರಸನಲ್ಲಿ ಅಪ್ಪಣೆ ಬೇಡುವುದಕ್ಕಾಗಿ ಅಮರಾಪುರ ಪಟ್ಟಣಕ್ಕೆ ಹೋದರು. 1820ರ ಜನವರಿಯಲ್ಲಿ ಅರಸನು ಅವರು ಕೊಟ್ಟ ಸುವಾರ್ತಾಪತ್ರದಿಂದ ಒಂದೆರಡು ವಾಕ್ಯಗಳನ್ನು ಓದಿ ಅದನ್ನು ನೆಲಕ್ಕೆ ಬಿಟ್ಟನು. ಜಡ್ಸನ್‌ರವರು ಮನಗುಂದಿ ರಂಗೂನನ್ನು ಬಿಟ್ಟು ಚಿತ್ತಗಾಂಗಿಗೆ ಹೋಗಬೇಕೆಂದಿದ್ದರು. ಆಗ ತಡೆದವರು ಯಾರು? ಆ ವೇಳೆಗೆ ಸಭೆಯಲ್ಲಿದ್ದ ಮೂವರು ಹೊಸ ವಿಶ್ವಾಸಿಗಳೇ. ಹತ್ತು ಮಂದಿಯಾಗುವ ತನಕವಾದರೂ ತಮ್ಮನ್ನು ಬಿಟ್ಟುಹೋಗಬಾರದೆಂದು ಬೇಡಿಕೊಂಡರು. ದೊಡ್ಡ ವಿದ್ವಾಂಸರಾದ ಬೋಧಕರನ್ನು ನಿನ್ನೆ ಮೊನ್ನೆ ನಂಬಿದವರು ನಿಲ್ಲಿಸಿದರು. ಇದನ್ನು ನಮ್ಮ ಹಳ್ಳಿಯ ಸಭೆಯವರು ವಿಶೇಷವಾಗಿ ಗಮನಿಸಬೇಕೆಂದು ನನ್ನ ಆಶೆ. ಆ ವರುಷ ಜುಲೈಯಲ್ಲಿ ಒಬ್ಬ ಸ್ತ್ರೀಯು ಹತ್ತನೆಯವಳಾಗಿ ಸಭೆಗೆ ಸೇರಿದಳು.

1823ರಲ್ಲಿ ಹೊಸ ಒಡಂಬಡಿಕೆಯ ಭಾಷಾಂತರವು ಮುಗಿಯಿತು. ಮರುವರುಷ ಇಂಗ್ಲಿಷರಿಗೂ ಬರ್ಮೀಯರಿಗೂ ಯುದ್ಧ ಹುಟ್ಟಿತು. ಜಡ್ಸನ್‌ರವರಿಗೆ ಹಣವು ಬಂಗಾಳದ ಇಂಗ್ಲಿಷರ ಮುಖಾಂತರ ಬರುತ್ತಿದ್ದುದರಿಂದ ಅವರನ್ನು ಗೂಢಚಾರರೆಂದು ಎಣಿಸಿ, 1824ರ ಜೂನ್ 8ರಲ್ಲಿ ಆವಾದ ಸೆರೆಮನೆಗೆ ಹಾಕಿದರು. ಕಾಲಿಗೆ ಮೂರು ಜೊತೆ ಬೇಡಿ. ರಾತ್ರಿಯಾದರೆ ಸೆರೆಯವರ ಕಾಲುಗಳ ನಡುವೆ ಬಿದಿರಿನ ಗಳವನ್ನು ತೂರಿಸಿ ಮೇಲಕ್ಕೆ ಎತ್ತಿಬಿಡುತ್ತಿದ್ದರು. ಆನ್ ಅಮ್ಮನವರು ಗರ್ಭಿಣಿಯಾಗಿದ್ದರೂ ಅಧಿಕಾರಿಗಳ ಬಾಗಿಲಿಗೆ ಅಲೆದು ಅಲೆದು, ಗಂಡನಿಗೆ ಅನ್ನ ತಲಪಿಸಿದರು.

ಭಾಷಾಂತರದ ಕೈಬರಹವನ್ನು ಮೊದಲು ಮನೆಯ ಕೆಳಗೆ ಹೂತಿಟ್ಟಿದ್ದರು. ಮಳೆಗಾಲದ ತೇವಕ್ಕೆ ಕೆಡುವುದೆಂದು ಅಮ್ಮನವರು ಅದನ್ನು ತೆಗೆದು ತಲೆದಿಂಬಿನೊಳಗೆ ಹೊಲಿದು ಸೆರೆಮನೆಗೆ ಒಯ್ದರು. ಕಾವಲುಗಾರನಿಗೂ ಬೇಡವಾಗುವಷ್ಟು ಗಟ್ಟಿಯಾದ ದಿಂಬು. 1825ರ ಮೇಯಲ್ಲಿ ಸೆರೆಯವರನ್ನು ಔಂಗ್‌ಬಿನ್ಲೆಗೆ ಬರಿಗಾಲಲ್ಲಿ ಸುಡುವ ಮರಳಿನ ಮೇಲೆ ನಡಿಸಿದಾಗ ಯಾರೋ ದಿಂಬನ್ನು ಎಸೆದುಬಿಟ್ಟರು. ಮೌಂಗ್ ಇಂಗ್ ಎಂಬ ವಿಶ್ವಾಸಿಯು ತನ್ನ ಗುರುವಿನ ಗುರುತೆಂದು ಅದನ್ನು ಮನೆಗೆ ಒಯ್ದನು. ಒಳಗೆ ಏನಿದೆಯೆಂದು ಅರಿಯನು. ತಿಂಗಳುಗಳಾದ ಮೇಲೆ ಬಿಚ್ಚಿ ನೋಡಿದರೆ ಕಾಗದಗಳು ಕೆಡದೆ ಇದ್ದವು.

ಔಂಗ್‌ಬಿನ್ಲೆಯಲ್ಲಿ ಅಮ್ಮನವರು ಕಾಯಿಲೆ ಬಿದ್ದು ಎದೆಹಾಲು ಬತ್ತಿತು. ಜಡ್ಸನ್‌ರವರು ಬೇಡಿಯ ಕಾಲಲ್ಲೇ ಎಳೆಗೂಸು ಮರಿಯಳನ್ನು ಎತ್ತಿಕೊಂಡು, ಹಾಲೂಡುವ ತಾಯಂದಿರ ಮನೆಮನೆಗೆ ಹೋಗಿ ಬೇಡಿದರು. ಆ ಹಳ್ಳಿಯ ತಾಯಂದಿರು ಇಲ್ಲವೆನ್ನಲಿಲ್ಲ.

1826ರಲ್ಲಿ ಬಿಡುಗಡೆಯಾಯಿತು. ಆದರೆ ಆ ಅಕ್ಟೋಬರ್ 24ರಲ್ಲಿ, ಜಡ್ಸನ್‌ರವರು ದೂರದ ಆವಾದಲ್ಲಿದ್ದಾಗ, ಆನ್ ಅಮ್ಮನವರು ಆಮ್ಹರ್ಸ್ಟ್ ಊರಲ್ಲಿ ತೀರಿಕೊಂಡರು; ಆರು ತಿಂಗಳಿಗೆ ಮರಿಯಳೂ ಹೋದಳು. ದೇವರ ಮನುಷ್ಯನು ಅಲುಗುವುದಿಲ್ಲವೆಂದು ಹೇಳುವವರುಂಟು. ಜಡ್ಸನ್‌ರವರು ಅಲುಗಿದರು. ಕಾಡಿನ ಅಂಚಿನಲ್ಲಿ ಗುಡಿಸಲು ಹಾಕಿ ಒಬ್ಬರೇ ಇದ್ದರು. ತಮಗಾಗಿ ಸಮಾಧಿಯನ್ನು ತೋಡಿಸಿ ಅದರ ಬಳಿ ಕುಳಿತರು. ದೇವರ ಮುಖವು ಅವರಿಗೆ ಮರೆಯಾಗಿತ್ತು. ಆದರೂ ಲೇಖನಿಯನ್ನು ಕೆಳಗಿಡಲಿಲ್ಲ. 1834ರ ಜನವರಿ 31ರಲ್ಲಿ ಇಡೀ ಸತ್ಯವೇದವು ಬರ್ಮೀ ಭಾಷೆಯಲ್ಲಿ ಮುಗಿಯಿತು. ಮ್ಯಾನ್ಮಾರ್ ಎಂದು ಈಗ ಕರೆಯಲ್ಪಡುವ ಆ ದೇಶದ ಸಭೆಗಳಲ್ಲಿ ಅದನ್ನು ಇಂದಿಗೂ ಓದುತ್ತಾರೆ.

1850ರಲ್ಲಿ ಜಡ್ಸನ್‌ರವರು ಕಾಯಿಲೆಯಿಂದ ಸಮುದ್ರಯಾನ ಹೊರಟರು. ಏಪ್ರಿಲ್ 12ರಲ್ಲಿ ಹಡಗಿನಲ್ಲೇ ಪ್ರಾಣ ಬಿಟ್ಟರು. ದೇಹವನ್ನು ಸಮುದ್ರಕ್ಕೆ ಇಳಿಸಿದರು. ಅವರ ಪತ್ನಿಯಾಗಿದ್ದ ಎಮಿಲಿ ಅಮ್ಮನವರು ಮೌಲ್ಮೇನಿನಲ್ಲಿ ಸುಮಾರು ನಾಲ್ಕು ತಿಂಗಳು, ಯಾವ ಸುದ್ದಿಯೂ ಇಲ್ಲದೆ, ಹಡಗಿನ ದಾರಿ ಕಾಯುತ್ತಿದ್ದರು.