ಮನೆಮನೆಗೆ ಕ್ಯಾಮೆರಾ ಕೊಟ್ಟ ಜಾರ್ಜ್ ಈಸ್ಟ್‌ಮನ್

ನಮ್ಮ ದಾದಿಯ ವಯಸ್ಸಿನ ಕಾಲದ ಫೋಟೋ ನಮ್ಮ ಮನೆಯಲ್ಲಿ ಒಂದೇ ಒಂದಿದೆ. ಸತ್ತಿಯಿಂದ ಅಥಣಿಗೆ ಹೋಗಿ ಸ್ಟುಡಿಯೋದಲ್ಲಿ ತೆಗೆಸಿದ್ದು. ಫೂಫಿಯ ಮದುವೆಯ ಹೊತ್ತಿಗೆ ಅಬ್ಬಾ ಒಂದು ರೀಲಿನ ಕ್ಯಾಮೆರಾ ಕೊಂಡರು. ಅಲ್ಲಿಂದ ಮುಂದಿನ ಫೋಟೋಗಳಿಗೆ ಒಂದು ಆಲ್ಬಮ್ ಸಾಲದು. ಫೋಟೋ ತೆಗೆಯುವ ಕೆಲಸ ಸ್ಟುಡಿಯೋದವರ ಕೈಯಿಂದ ಮನೆಯವರ ಕೈಗೆ ಬರಲು ಕಾರಣರಾದವರು ಅಮೆರಿಕದ ಒಬ್ಬ ಬ್ಯಾಂಕ್ ಗುಮಾಸ್ತರು.

ಜಾರ್ಜ್ ಈಸ್ಟ್‌ಮನ್ 1854ರ ಜುಲೈ 12ರಂದು ನ್ಯೂಯಾರ್ಕ್ ರಾಜ್ಯದ ವಾಟರ್‌ವಿಲ್‌ನಲ್ಲಿ ಹುಟ್ಟಿದರು. ಅವರ ತಂದೆ ರಾಚೆಸ್ಟರ್ ನಗರದಲ್ಲಿ ವಾಣಿಜ್ಯ ಕಾಲೇಜು ನಡೆಸುತ್ತಿದ್ದರು. ಕಾಮರ್ಸ್ ಓದುವ ನನಗೆ ಇದು ಖುಷಿ ಕೊಟ್ಟ ಸಂಗತಿ. ಆದರೆ 1862ರಲ್ಲಿ ತಂದೆ ತೀರಿಕೊಂಡರು. ತಾಯಿ ಮನೆಯಲ್ಲಿ ಬಾಡಿಗೆದಾರರನ್ನು ಇಟ್ಟುಕೊಂಡು ಸಂಸಾರ ನಡೆಸಿದರು. ಹದಿನಾಲ್ಕು ತುಂಬುವ ಹೊತ್ತಿಗೆ ಜಾರ್ಜ್ ಶಾಲೆ ಬಿಟ್ಟು ವಾರಕ್ಕೆ 3 ಡಾಲರ್ ಸಂಬಳಕ್ಕೆ ಇನ್ಶೂರೆನ್ಸ್ ಕಚೇರಿ ಸೇರಿದರು. 1874ರಲ್ಲಿ ಬ್ಯಾಂಕಿನಲ್ಲಿ ಗುಮಾಸ್ತರಾದರು.

1877ರಲ್ಲಿ ಪ್ರವಾಸಕ್ಕೆಂದು ಅವರು ಕ್ಯಾಮೆರಾ ಕೊಂಡರು. ಆಗಿನ ಕ್ಯಾಮೆರಾ ಎಂದರೆ ದೊಡ್ಡ ಪೆಟ್ಟಿಗೆ, ಮೂರು ಕಾಲಿನ ಸ್ಟ್ಯಾಂಡು, ಗಾಜಿನ ಫಲಕಗಳು, ರಾಸಾಯನಿಕದ ಬಾಟಲಿಗಳು, ಕತ್ತಲೆ ಮಾಡಿಕೊಳ್ಳಲು ಒಂದು ಡೇರೆ. ಗಾಜಿಗೆ ಹಚ್ಚಿದ ಲೇಪ ಒಣಗುವ ಮೊದಲೇ ಫೋಟೋ ತೆಗೆದು ತೊಳೆಯಬೇಕಿತ್ತು. ಪ್ರವಾಸ ಕೊನೆಗೂ ನಡೆಯಲಿಲ್ಲ, ಆದರೆ ಈ ಹೊರೆಯನ್ನು ಕಡಿಮೆ ಮಾಡುವ ಹಟ ಹಿಡಿಯಿತು. ಹಗಲು ಬ್ಯಾಂಕಿನ ಲೆಕ್ಕ, ರಾತ್ರಿ ತಾಯಿಯ ಅಡುಗೆಮನೆಯಲ್ಲಿ ಪ್ರಯೋಗ. ಮೊದಲೇ ಲೇಪ ಹಚ್ಚಿ ಒಣಗಿಸಿದ ಫಲಕಗಳನ್ನು ಮಾಡಲು ಯಂತ್ರ ಕಂಡುಹಿಡಿದು 1879ರಲ್ಲಿ ಲಂಡನ್ನಿನಲ್ಲಿ ಪೇಟೆಂಟ್ ಪಡೆದರು. 1881ರಲ್ಲಿ ಹೆನ್ರಿ ಸ್ಟ್ರಾಂಗ್ ಎಂಬ ಚಾವಟಿ ತಯಾರಕರ ಜೊತೆ ಪಾಲುದಾರಿಕೆಯಲ್ಲಿ ಕಂಪನಿ ಕಟ್ಟಿ ಬ್ಯಾಂಕಿನ ಕೆಲಸ ಬಿಟ್ಟರು. ಮುಂದಿನ ವರ್ಷವೇ ಫಲಕಗಳು ಕೆಟ್ಟವು. ಮಾರಿದ್ದನ್ನೆಲ್ಲ ವಾಪಸ್ ಪಡೆದು ಬೇರೆ ಕೊಟ್ಟರು. ಹೊಸ ಕಂಪನಿಗೆ ಇದು ದೊಡ್ಡ ಪೆಟ್ಟು.

ನಿಜವಾದ ಪರೀಕ್ಷೆ ಇನ್ನೂ ಮುಂದಿತ್ತು. ಗಾಜಿನ ಬದಲು ಕಾಗದದ ಮೇಲೆ ಲೇಪ ಹಚ್ಚಿ, ಸುತ್ತಿಟ್ಟ ಫಿಲ್ಮನ್ನು ಅವರು 1885ರ ಸುಮಾರಿಗೆ ಮಾರುಕಟ್ಟೆಗೆ ತಂದರು. ಸ್ಟುಡಿಯೋದವರು ಅದನ್ನು ಒಪ್ಪಲಿಲ್ಲ. ಕಾಗದದ ನಾರು ಚಿತ್ರದಲ್ಲಿ ಕಾಣುತ್ತಿತ್ತು, ಗಾಜಿನಷ್ಟು ಸ್ಪಷ್ಟತೆ ಇರಲಿಲ್ಲ. ಅವರ ಮಾತು ತಪ್ಪೆಂದು ನನಗೆ ಅನಿಸುವುದಿಲ್ಲ. ಗಿರಾಕಿ ದುಡ್ಡು ಕೊಡುವುದೇ ಚೆಂದದ ಚಿತ್ರಕ್ಕೆ. ಈಸ್ಟ್‌ಮನ್ ಮುಂದೆ ಎರಡು ದಾರಿಗಳಿದ್ದವು: ಸ್ಟುಡಿಯೋದವರು ಮೆಚ್ಚುವವರೆಗೆ ಫಿಲ್ಮನ್ನು ತಿದ್ದುತ್ತ ಕೂರುವುದು, ಇಲ್ಲವೇ ಫೋಟೋ ತೆಗೆಯಲು ಬಾರದವರನ್ನೇ ಗಿರಾಕಿ ಮಾಡಿಕೊಳ್ಳುವುದು. ಎರಡನೆಯದು ಇನ್ನೂ ಹುಟ್ಟದೇ ಇದ್ದ ಮಾರುಕಟ್ಟೆ. ಅವರು ಅದನ್ನೇ ಆರಿಸಿಕೊಂಡರು. ಸ್ಟುಡಿಯೋಗಳಿಗೆ ಫಲಕ ಮತ್ತು ಕಾಗದ ಮಾರುವುದನ್ನು ಮಾತ್ರ ನಿಲ್ಲಿಸಲಿಲ್ಲ. ಇದು ಜಾಣತನ.

1888ರಲ್ಲಿ ಕೊಡಾಕ್ ಬಂತು. ಹೆಸರಿಗೆ ಯಾವ ಅರ್ಥವೂ ಇಲ್ಲ, ಅವರೇ ಹುಟ್ಟಿಸಿದ್ದು. ಬೆಲೆ 25 ಡಾಲರ್, ಒಳಗೆ ನೂರು ಚಿತ್ರಗಳಿಗೆ ಆಗುವ ಫಿಲ್ಮ್. ಕೊಂಡವರು ಗುಂಡಿ ಒತ್ತಿದರೆ ಸಾಕು. ರೀಲು ಮುಗಿದ ಮೇಲೆ ಕ್ಯಾಮೆರಾವನ್ನೇ ಕಾರ್ಖಾನೆಗೆ ಕಳಿಸಬೇಕು. 10 ಡಾಲರ್‌ಗೆ ಚಿತ್ರ ತೊಳೆದು, ಹೊಸ ಫಿಲ್ಮ್ ತುಂಬಿ ವಾಪಸ್ ಕಳಿಸುತ್ತಿದ್ದರು. ಕ್ಯಾಮೆರಾ ಒಮ್ಮೆ ಮಾರುವ ವಸ್ತು, ಫಿಲ್ಮ್ ಮತ್ತೆ ಮತ್ತೆ ಮಾರುವ ವಸ್ತು. ಆದರೂ ವಾರಕ್ಕೆ 3 ಡಾಲರ್ ದುಡಿಯುತ್ತಿದ್ದ ಹುಡುಗ ಜಾರ್ಜ್‌ಗೆ ಆ ಕ್ಯಾಮೆರಾ ಎಂಟು ವಾರಗಳ ಸಂಬಳಕ್ಕಿಂತ ಹೆಚ್ಚಾಗುತ್ತಿತ್ತು. ಬಡವರ ಮಕ್ಕಳಿಗೂ ಎಟುಕುವಂತಾದದ್ದು 1900ರಲ್ಲಿ ಬಂದ ಬ್ರೌನಿಯಿಂದ. ಅದರ ಬೆಲೆ ಒಂದೇ ಡಾಲರ್, ಆರು ಚಿತ್ರಗಳ ಫಿಲ್ಮಿಗೆ 15 ಸೆಂಟ್.

ಕಾಗದದ ಬದಲು ಪಾರದರ್ಶಕ ಫಿಲ್ಮ್ ಬಂದದ್ದು 1889ರಲ್ಲಿ. ಇಂಥದೇ ಫಿಲ್ಮಿಗೆ ಹ್ಯಾನಿಬಲ್ ಗುಡ್ವಿನ್ ಎಂಬ ಪಾದ್ರಿ 1887ರಲ್ಲೇ ಪೇಟೆಂಟ್ ಕೇಳಿದ್ದರು. ವ್ಯಾಜ್ಯ ಬಹಳ ವರ್ಷ ನಡೆದು, 1914ರಲ್ಲಿ ಕೊಡಾಕ್ 50 ಲಕ್ಷ ಡಾಲರ್ ಕೊಡಬೇಕಾಯಿತು. ಅಷ್ಟರಲ್ಲಿ ಗುಡ್ವಿನ್ ತೀರಿಕೊಂಡಿದ್ದರು. ಈಸ್ಟ್‌ಮನ್ ಅವರ ಜೀವನದಲ್ಲಿ ನನಗೆ ಒಪ್ಪಿಗೆಯಾಗದ ಭಾಗ ಇದು.

ಅವರು ಮದುವೆಯಾಗಲಿಲ್ಲ. 1912ರಿಂದ ಕಾರ್ಮಿಕರಿಗೆ ಲಾಭದಲ್ಲಿ ಪಾಲು ಕೊಟ್ಟರು. ಎಂಐಟಿಗೆ ಸ್ಮಿತ್ ಎಂಬ ಸುಳ್ಳು ಹೆಸರಿನಲ್ಲಿ ಸುಮಾರು 2 ಕೋಟಿ ಡಾಲರ್ ದಾನ ಮಾಡಿದರು. ಕೊನೆಗೆ ಬೆನ್ನುಮೂಳೆಯ ಕಾಯಿಲೆಯಿಂದ ಅವರಿಗೆ ನಡೆಯುವುದೂ ಕಷ್ಟವಾಯಿತು. 1932ರ ಮಾರ್ಚ್ 14ರಂದು, 77ನೆಯ ವಯಸ್ಸಿನಲ್ಲಿ, ತಮ್ಮ ಜೀವವನ್ನು ತಾವೇ ಕಳೆದುಕೊಂಡರು. ಇದನ್ನು ಓದಿದಾಗ ನನಗೆ ಬಹಳ ಬೇಸರವಾಯಿತು. ರಾಚೆಸ್ಟರ್‌ನಲ್ಲಿ ಅವರಿದ್ದ ಮನೆ 1949ರಿಂದ ಛಾಯಾಗ್ರಹಣದ ವಸ್ತುಸಂಗ್ರಹಾಲಯವಾಗಿದೆ.