ಮಳಖೇಡದ ಗಣಿತಗುರು ಮಹಾವೀರಾಚಾರ್ಯರು

ಕಮಲಾಪುರದಿಂದ ಕಲಬುರಗಿಗೆ ಬಂದು ಸೇಡಂ ದಾರಿ ಹಿಡಿದರೆ ಕಾಗಿಣಾ ನದಿಯ ದಂಡೆಯಲ್ಲಿ ಮಳಖೇಡ ಸಿಗುತ್ತದೆ. ಅದೇ ಅಂದಿನ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. 814ರಿಂದ 878ರವರೆಗೆ ಆಳಿದ ಅಮೋಘವರ್ಷ ನೃಪತುಂಗನನ್ನು ಕವಿರಾಜಮಾರ್ಗದಿಂದಾಗಿ ನಾವೆಲ್ಲ ಬಲ್ಲೆವು. ಅದೇ ಅರಸನ ಕಾಲದಲ್ಲಿದ್ದ ಗಣಿತಗುರು ಮಹಾವೀರಾಚಾರ್ಯರ ಹೆಸರು ಮಾತ್ರ ನಮ್ಮ ಮಕ್ಕಳ ಕಿವಿಗೆ ಬೀಳುವುದು ಅಪರೂಪ.

ಜೈನರಾದ ಆಚಾರ್ಯರು ಸುಮಾರು 850ರಲ್ಲಿ ಸಂಸ್ಕೃತದಲ್ಲಿ ಗಣಿತಸಾರಸಂಗ್ರಹವನ್ನು ರಚಿಸಿ, ಅದರ ಆರಂಭದಲ್ಲಿ ಅಮೋಘವರ್ಷನನ್ನು ಕೊಂಡಾಡಿದರು. ಆರ್ಯಭಟ, ಬ್ರಹ್ಮಗುಪ್ತರ ಕೃತಿಗಳಲ್ಲಿ ಗಣಿತವು ಖಗೋಳದ ಜೊತೆಗೆ ಬರುವ ಒಂದು ಭಾಗ. ಇವರು ಗಣಿತಕ್ಕೇ ಮೀಸಲಾದ ಗ್ರಂಥ ಬರೆದರು. ವ್ಯಾಪಾರ, ಅಡುಗೆ, ಸಂಗೀತ, ವೈದ್ಯ, ಮನೆ ಕಟ್ಟುವ ಕೆಲಸ ಎಲ್ಲಕ್ಕೂ ಲೆಕ್ಕ ಬೇಕೆಂದು ಅವರು ತೋರಿಸಿಕೊಟ್ಟರು.

ದೊಡ್ಡ ಸಂಖ್ಯೆಗಳೆಂದರೆ ಅವರಿಗೆ ಬಲು ಪ್ರೀತಿ. ಏಕ, ದಶ, ಶತದಿಂದ ಹಿಡಿದು ಮಹಾಕ್ಷೋಭದವರೆಗೆ 24 ಸ್ಥಾನಗಳಿಗೆ ಹೆಸರು ಕೊಟ್ಟರು. ಮಹಾಕ್ಷೋಭವೆಂದರೆ 1ರ ಮುಂದೆ 23 ಸೊನ್ನೆ. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗಿರುವ ಗುಣಲಬ್ಧಗಳನ್ನು ಅವರು ಕೊರಳ ಹಾರಕ್ಕೆ ಹೋಲಿಸಿದರು. 27994681ನ್ನು 441ರಿಂದ ಗುಣಿಸಿದರೆ 12345654321 ಬರುತ್ತದೆ. ಅಂಕಿಗಳು 6ರವರೆಗೆ ಏರಿ, ಅದೇ ಕ್ರಮದಲ್ಲಿ ಇಳಿಯುತ್ತವೆ. ಇದು ಪೂರ್ಣವರ್ಗವೂ ಹೌದು, 111111ರ ವರ್ಗ. 111111 ಎಂದರೆ 3, 7, 11, 13, 37 ಈ ಐದು ಅವಿಭಾಜ್ಯಗಳ ಗುಣಲಬ್ಧ. ಹಾಗಾಗಿ ಹಾರದ ಸಂಖ್ಯೆಯಲ್ಲಿ ಇವು ಪ್ರತಿಯೊಂದೂ ಎರಡೆರಡು ಸಲ ಸೇರಿವೆ. 12345679ನ್ನು 9ರಿಂದ ಗುಣಿಸಿದರೆ ಬರುವ ಒಂಬತ್ತು ಒಂದುಗಳ ಹಾರವೂ ಅವರದೇ.

ಋಣಸಂಖ್ಯೆಗೆ ವರ್ಗಮೂಲವಿಲ್ಲವೆಂದು ಅವರು ಆಗಲೇ ಸ್ಪಷ್ಟವಾಗಿ ಹೇಳಿದ್ದರು. ಆದರೆ ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗುವುದಿಲ್ಲ ಎಂದದ್ದು ತಪ್ಪಾಯಿತು. ಇಷ್ಟು ದೊಡ್ಡವರೇ ಒಂದು ಕಡೆ ತಪ್ಪಿದ್ದಾರೆ ಎಂಬುದನ್ನು ಗಣಿತಕ್ಕೆ ಹೆದರುವ ಮಕ್ಕಳಿಗೆ ಹೇಳಲೇಬೇಕು. ಲೆಕ್ಕ ತಪ್ಪಿದವನು ದಡ್ಡನಲ್ಲ, ಮಾಡದೆ ಬಿಟ್ಟವನಿಗೆ ಮಾತ್ರ ಅದು ಕಷ್ಟ.

11ನೇ ಶತಮಾನದಲ್ಲಿ ಪಾವುಲೂರಿ ಮಲ್ಲನ ಈ ಗ್ರಂಥವನ್ನು ತೆಲುಗಿಗೆ ತಂದ. 1912ರಲ್ಲಿ ಎಂ. ರಂಗಾಚಾರ್ಯರ ಇಂಗ್ಲಿಷ್ ಅನುವಾದದೊಂದಿಗೆ ಅದು ಮದರಾಸಿನಲ್ಲಿ ಅಚ್ಚಾಗಿ, ಜಗತ್ತಿನ ವಿದ್ವಾಂಸರ ಕೈ ಸೇರಿತು.

ಕೆಂಪು ಬಾಳೆಗೆ ಹೆಸರಾದ ಕಮಲಾಪುರದವರಿಗೆ ಆಚಾರ್ಯರದೇ ಒಂದು ಬಾಳೆಹಣ್ಣಿನ ಲೆಕ್ಕವಿದೆ. ಸಮನಾದ 63 ರಾಶಿ, ಜೊತೆಗೆ ಬಿಡಿಯಾಗಿ 7 ಹಣ್ಣು. 23 ದಾರಿಹೋಕರಿಗೆ ಸರಿಯಾಗಿ ಹಂಚಬೇಕು. ರಾಶಿಗೆ 5 ಹಣ್ಣಿದ್ದರೆ ಒಟ್ಟು 322, ತಲೆಗೆ 14. ಐದಕ್ಕಿಂತ ಕಡಿಮೆ ಇದ್ದರೆ ಯಾಕೆ ಆಗದು? ಇಂದು ರಾತ್ರಿ ಮನೆಯ ಮಕ್ಕಳನ್ನು ಪಕ್ಕದಲ್ಲಿ ಕೂಡಿಸಿಕೊಂಡು ಮಾಡಿ ನೋಡಿ. ಗಣಿತ ಎಲ್ಲಿಂದಲೋ ಬಂದದ್ದಲ್ಲ, ನಮ್ಮ ಕಾಗಿಣಾ ದಂಡೆಯಲ್ಲೂ ಬೆಳೆದದ್ದು ಎಂಬುದು ಅವರಿಗೆ ತಿಳಿಯಲಿ.