ತಿನ್ನದವರನ್ನೂ ಕೇಳಿ: ರೋಗದ ಜಾಡು ಹಿಡಿಯಲು ಕಲಿಸಿದ ಲ್ಯಾಂಗ್‌ಮ್ಯೂರ್

ಮದುವೆ ಊಟ ಮಾಡಿದವರಿಗೆ ವಾಂತಿ-ಭೇದಿ ಆದರೆ ನಾವು ಥಟ್ಟನೆ ಯಾವುದೋ ಒಂದು ತಿನಿಸಿನ ಮೇಲೆ ಗೂಬೆ ಕೂರಿಸುತ್ತೇವೆ. ಸಂಜೆಯೊಳಗೆ ಅದು ಫಾರ್ವರ್ಡ್ ಆಗಿ ಎಲ್ಲರ ಮೊಬೈಲ್‌ಗೂ ಬರುತ್ತದೆ. ಊಹಿಸಬೇಡಿ, ಎಣಿಸಿ ಎಂದು ಯುವ ವೈದ್ಯರನ್ನು ಪಳಗಿಸಿದವರು ಅಮೆರಿಕದ ಅಲೆಕ್ಸಾಂಡರ್ ಲ್ಯಾಂಗ್‌ಮ್ಯೂರ್ (1910–1993).

1949ರಲ್ಲಿ ಅಟ್ಲಾಂಟಾದ ಸಿಡಿಸಿ ಸೇರಿದ ಅವರು, ಕೊರಿಯಾ ಯುದ್ಧದ ಕಾಲದ ಜೈವಿಕ ದಾಳಿಯ ಭಯವನ್ನೇ ಬಳಸಿಕೊಂಡು 1951ರಲ್ಲಿ ರೋಗ ಕಣ್ಗಾವಲಿನ ಪಡೆ ಕಟ್ಟಿದರು. ಕೆಲವು ವಾರ ಪಾಠ, ಆಮೇಲೆ ನೇರವಾಗಿ ರೋಗ ಹರಡಿದ ಊರಿಗೆ. ಪಡೆಯ ಗುರುತು, ಸವೆದು ತೂತಾದ ಬೂಟಿನ ಅಟ್ಟೆ!

ಆ ತರಬೇತಿಯ ಪ್ರಸಿದ್ಧ ಪಾಠವೆಂದರೆ 1940ರಲ್ಲಿ ನ್ಯೂಯಾರ್ಕ್ ರಾಜ್ಯದ ಓಸ್ವೀಗೊದಲ್ಲಿ ನಡೆದ ಚರ್ಚ್ ಊಟ. ವಿಚಾರಿಸಿದ 75 ಜನರಲ್ಲಿ 46 ಮಂದಿಗೆ ಕಾಯಿಲೆ. ಹಂದಿಮಾಂಸ ತಿಂದ 46 ಜನರಲ್ಲಿ 29 ಮಂದಿ ಹಾಸಿಗೆ ಹಿಡಿದಿದ್ದರು. ಅದೇ ಕಾರಣ ಅನ್ನಿಸುತ್ತದೆ, ಅಲ್ಲವೇ? ಆದರೆ ಅದನ್ನು ಮುಟ್ಟದ 29 ಜನರಲ್ಲೂ 17 ಮಂದಿಗೆ ಕಾಯಿಲೆ ಆಗಿತ್ತು. ವೆನಿಲಾ ಐಸ್‌ಕ್ರೀಮ್ ತಿಂದ 54 ಜನರಲ್ಲಿ 43 ಮಂದಿಗೆ ಕಾಯಿಲೆ. ತಿನ್ನದ 21 ಜನರಲ್ಲಿ ಬರೀ ಮೂವರಿಗೆ. ತಿನ್ನದವರನ್ನು ಕೇಳದಿದ್ದರೆ ಇದು ಗೊತ್ತಾಗುತ್ತಲೇ ಇರಲಿಲ್ಲ.

1955ರಲ್ಲಿ ಪೋಲಿಯೊ ಲಸಿಕೆ ಪಡೆದ ಮಕ್ಕಳಿಗೇ ಪೋಲಿಯೊ ಬಂದಾಗ ದೇಶವೇ ಬೆಚ್ಚಿತು. ಒಂದು ಕಂಪನಿಯ ಲಸಿಕೆ ವಾಪಸ್ ಪಡೆದರು. ಉಳಿದ ಕಂಪನಿಗಳದ್ದು? ಲ್ಯಾಂಗ್‌ಮ್ಯೂರ್ ತಂಡ ಎಲ್ಲ ರಾಜ್ಯಗಳಿಂದ ಪ್ರಕರಣಗಳ ವಿವರ ತರಿಸಿ, ಯಾವ ಕಂಪನಿಯ ಲಸಿಕೆ, ಯಾವಾಗ ಚುಚ್ಚಿದ್ದು ಎಂದು ವಿಂಗಡಿಸಿತು. ತಪ್ಪು ಬಹುಪಾಲು ಆ ಒಂದೇ ಕಂಪನಿಯ ಲಸಿಕೆಯಲ್ಲಿತ್ತು. ತಪಾಸಣೆ ಬಿಗಿಯಾಯಿತು, ಪೋಲಿಯೊ ಲಸಿಕೆ ಮುಂದುವರಿಯಿತು.